ತುಳು ಲಿಪಿಗೆ ಯುನಿಕೋಡ್ ಸಿಕ್ಕಿದೆ: ಇನ್ನು ಬರೆಯುವುದೇನು, ಉಳಿಸುವುದೇನು?

2024ರಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಸುದ್ದಿ ಬಂದವು. ಜೂನ್ ಕೊನೆಗೆ ಗೂಗಲ್ ತನ್ನ ಅನುವಾದ ಸೇವೆಗೆ 110 ಭಾಷೆಗಳನ್ನು ಹೊಸದಾಗಿ ಸೇರಿಸಿತು. ಅವುಗಳಲ್ಲಿ ತುಳುವೂ ಒಂದು. ಸೆಪ್ಟೆಂಬರ್ 10ರಂದು ಯುನಿಕೋಡ್‌ನ 16ನೇ ಆವೃತ್ತಿ ಹೊರಬಂತು. ಅದರಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ 80 ಅಕ್ಷರ ಮತ್ತು ಚಿಹ್ನೆಗಳಿಗೆ ಜಾಗ ಸಿಕ್ಕಿತು. ಇದರ ಬೆನ್ನಿಗೇ 2025ರ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಯೋಜನೆಯ ಘೋಷಣೆ ಆಯಿತು. ದೇಶದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರುತಿಸಿ, ದಾಖಲಿಸಿ, ಕಾಪಾಡುವುದು ಅದರ ಗುರಿ.

ಮಂಗಳೂರು, ಉಡುಪಿಯ ಜನರಿಗೆ ಇದು ಸಂತೋಷದ ಸುದ್ದಿ. ಜೊತೆಗೆ ಗೊಂದಲದ ಸುದ್ದಿಯೂ ಹೌದು. ಯುನಿಕೋಡ್ ಬಂದಿದೆ ಎನ್ನುತ್ತಾರೆ, ಆದರೆ ಫೋನಿನಲ್ಲಿ ಆ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತವೆ. ಗೂಗಲ್ ತುಳು ಬರೆಯುತ್ತದೆ, ಆದರೆ ಕನ್ನಡ ಲಿಪಿಯಲ್ಲಿ. ಹಸ್ತಪ್ರತಿಗಳೆಲ್ಲ ಇನ್ನು ಕಂಪ್ಯೂಟರಿನಲ್ಲೇ ಸಿಗುತ್ತವಂತೆ, ಆದರೆ ಅವು ಇರುವುದು ಸಂಸ್ಕೃತದಲ್ಲಂತೆ. ಹಾಗಾದರೆ ತುಳುವಿಗೆ ನಿಜವಾಗಿ ಸಿಕ್ಕಿದ್ದೇನು?

ಸಿಕ್ಕಿದ್ದು ದೊಡ್ಡದೇ. ಆದರೆ ಜನ ಅಂದುಕೊಂಡದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಯುನಿಕೋಡ್ ಕೊಟ್ಟದ್ದು ಅಕ್ಷರಕ್ಕೊಂದು ಸಂಖ್ಯೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನಾವು ‘ಕ’ ಒತ್ತಿದಾಗ ಅದು ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ತೋರಿಸುವಾಗ ಆ ಸಂಖ್ಯೆಗೆ ಸರಿಯಾದ ಚಿತ್ರವನ್ನು ಫಾಂಟಿನಿಂದ ತೆಗೆದು ಪರದೆಯ ಮೇಲೆ ಇಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಇಡೀ ಜಗತ್ತು ಒಪ್ಪಿಕೊಂಡ ಪಟ್ಟಿಯೇ ಯುನಿಕೋಡ್.

ಈ ಒಪ್ಪಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಕಂಡಿದ್ದೇವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅಂಥ ಬರಹ ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಎಷ್ಟೋ ಕಚೇರಿಗಳ, ಪತ್ರಿಕೆಗಳ ಹಳೆಯ ಕಡತಗಳು ಇವತ್ತಿಗೂ ಹಾಗೇ ಬಿದ್ದಿವೆ.

ತುಳು ಲಿಪಿಯ ಕಥೆಯೂ ಇದೇ ದಾರಿಯಲ್ಲಿತ್ತು. ಕನ್ನಡ ಅಕ್ಷರದ ಸಂಖ್ಯೆಗೆ ತುಳು ಅಕ್ಷರದ ಚಿತ್ರ ತೊಡಿಸಿದ ಫಾಂಟುಗಳು ಬಳಕೆಗೆ ಬಂದವು. ನಾಮಫಲಕ, ಬ್ಯಾನರ್, ಮದುವೆ ಕಾಗದಕ್ಕೆ ಅದು ಸಾಕು. ಆದರೆ ಫಾಂಟು ತೆಗೆದರೆ ಉಳಿಯುವುದು ಕನ್ನಡವೇ. ಅದು ತುಳು ಲಿಪಿ ಎಂದು ಕಂಪ್ಯೂಟರಿಗೆ ಗೊತ್ತಾಗುವುದೇ ಇಲ್ಲ. ಈಗ ತುಳು-ತಿಗಳಾರಿಯ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ಇವತ್ತು ಟೈಪ್ ಮಾಡಿದ್ದು ಐವತ್ತು ವರ್ಷದ ನಂತರವೂ ಅದೇ ಅಕ್ಷರವಾಗಿ ಉಳಿಯುತ್ತದೆ.

ಆದರೆ ಸಂಖ್ಯೆ ಬಂದ ಕೂಡಲೇ ಫೋನಿನಲ್ಲಿ ಅಕ್ಷರ ಕಾಣುವುದಿಲ್ಲ. ಆ ಸಂಖ್ಯೆಗಳಿಗೆ ಹೊಂದುವ ಫಾಂಟು ಬೇಕು. ಒತ್ತಕ್ಷರ ಎಲ್ಲಿ ಕೂರಬೇಕು, ಸ್ವರಚಿಹ್ನೆ ಯಾವ ಕಡೆ ಬರಬೇಕು ಎಂಬ ನಿಯಮ ಫೋನಿನ ತಂತ್ರಾಂಶಕ್ಕೆ ಗೊತ್ತಿರಬೇಕು. ಕೀಬೋರ್ಡ್ ಬೇಕು. ಈ ಲಿಪಿಯಲ್ಲಿ ಅಕ್ಷರದ ಕೆಳಗೆ ಅಕ್ಷರ ಪೇರಿಸುವ ಪದ್ಧತಿ ಜಾಸ್ತಿ. ಹಾಗಾಗಿ ಫಾಂಟು ಮಾಡುವುದು ಸುಲಭದ ಕೆಲಸವಲ್ಲ. ಫೋನ್ ಕಂಪನಿಗಳು ತಮ್ಮ ತಂತ್ರಾಂಶಕ್ಕೆ ಅದನ್ನು ಸೇರಿಸುವ ತನಕ ಚೌಕಗಳೇ ಕಾಣುತ್ತವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡಬೇಕು. ಯುನಿಕೋಡ್ ಒಂದು ತಾಂತ್ರಿಕ ಪಟ್ಟಿ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಈಗ 22 ಭಾಷೆಗಳಿವೆ, ತುಳು ಇಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳು ತಮ್ಮ ಮಾತೃಭಾಷೆ ಎಂದು ಬರೆಸಿದ್ದಾರೆ. ಪರಿಚ್ಛೇದಕ್ಕೆ ಸೇರಿಸುವುದು ಸಂಸತ್ತಿನ ಕೆಲಸ. ರಾಜ್ಯದ ಅಧಿಕೃತ ಭಾಷೆ ಮಾಡುವುದು ರಾಜ್ಯದ ವಿಧಾನಮಂಡಲದ ಕೆಲಸ. ಯುನಿಕೋಡ್ ಸಿಕ್ಕಿತು ಅಂತ ಇವೆರಡೂ ತಾನಾಗಿ ಬರುವುದಿಲ್ಲ.

ಒಂದು ಲಿಪಿಗೆ ಎರಡು ಹೆಸರು ಯಾಕೆ?

ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಹಳೆಯ ಲಿಪಿಯಿಂದ ಈ ಲಿಪಿ ಹುಟ್ಟಿದ್ದು. ಮಲಯಾಳ ಲಿಪಿಯೂ ಅದೇ ಬೇರಿನದು. ಅದಕ್ಕೇ ಮೊದಲ ಸಲ ನೋಡಿದವರು ಇದನ್ನು ಮಲಯಾಳ ಅಂದುಕೊಳ್ಳುತ್ತಾರೆ. ಕರಾವಳಿಯಲ್ಲಿ ಇದಕ್ಕೆ ತುಳು ಲಿಪಿ ಎಂಬ ಹೆಸರು. ಮಲೆನಾಡಿನ ಕಡೆ, ಹವ್ಯಕರಲ್ಲಿ ತಿಗಳಾರಿ ಎಂಬ ಹೆಸರು. ಎರಡೂ ಕಡೆ ಇದನ್ನು ಜಾಸ್ತಿ ಬಳಸಿದ್ದು ಸಂಸ್ಕೃತ ಬರೆಯುವುದಕ್ಕೆ. ವೇದ, ಜ್ಯೋತಿಷ, ವೈದ್ಯ, ಮಂತ್ರ, ಮಧ್ವ ಸಿದ್ಧಾಂತದ ಗ್ರಂಥಗಳು. ಉಡುಪಿಯ ಮಠಗಳಲ್ಲಿ, ಧರ್ಮಸ್ಥಳದ ಸಂಗ್ರಹದಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇರುವ ಓಲೆಗರಿ ಕಟ್ಟುಗಳಲ್ಲಿ ಹೆಚ್ಚಿನವು ಇಂಥವೇ.

ಇದೇ ಲಿಪಿಯಲ್ಲಿ ತುಳು ಭಾಷೆಯ ಕಾವ್ಯಗಳೂ ಸಿಕ್ಕಿವೆ. ಭಾಗವತೊ, ಕಾವೇರಿ, ದೇವೀ ಮಹಾತ್ಮೆ, ಮಹಾಭಾರತೊ ಇವು ಮುಖ್ಯವಾದವು. ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಹಳೆಯ ಕಟ್ಟುಗಳನ್ನು ಹುಡುಕಿ, ಓದಿ, ಸಂಪಾದಿಸಿ ಕೊಡದಿದ್ದರೆ ತುಳುವಿಗೆ ಲಿಖಿತ ಕಾವ್ಯವೇ ಇಲ್ಲ ಎಂಬ ಮಾತು ಇವತ್ತಿಗೂ ನಡೆಯುತ್ತಿತ್ತು. ಆದರೆ ಇಂಥ ಕೃತಿಗಳು ಕೈಬೆರಳೆಣಿಕೆಯಷ್ಟು.

ಅಚ್ಚಿನ ಕಾಲ ಬಂದಾಗ ದಾರಿ ಬದಲಾಯಿತು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ಶುರುಮಾಡಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಅಲ್ಲಿಂದಲೇ. ಮಿಷನ್‌ನವರು ತುಳು ಪುಸ್ತಕಗಳನ್ನೂ ಅಚ್ಚು ಹಾಕಿದರು, ಆದರೆ ಕನ್ನಡ ಲಿಪಿಯಲ್ಲಿ. ಆಮೇಲೆ ಬಂದ ತುಳು ಕವಿಗಳು, ನಾಟಕಕಾರರು, ಪತ್ರಿಕೆಗಳು, ಶಾಲೆಯ ತುಳು ಪಠ್ಯಗಳು, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ, ಎಲ್ಲವೂ ಮುಖ್ಯವಾಗಿ ಕನ್ನಡ ಲಿಪಿಯನ್ನೇ ಹಿಡಿದವು.

ಹೀಗಾಗಿ ತುಳು ಲಿಪಿಯಲ್ಲಿ ಇರುವುದು ಬಹುತೇಕ ಸಂಸ್ಕೃತ. ತುಳು ಭಾಷೆ ಇರುವುದು ಬಹುತೇಕ ಕನ್ನಡ ಲಿಪಿಯಲ್ಲಿ. ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದ.

ತಕರಾರು ಎಲ್ಲಿದೆ?

ತುಳುವನ್ನು ತುಳು ಲಿಪಿಯಲ್ಲೇ ಬರೆಯಬೇಕು ಎನ್ನುವ ಲಿಪಿ ಚಳವಳಿಯವರ ವಾದಕ್ಕೆ ಬಲ ಇದೆ. ಸ್ವಂತ ಲಿಪಿ ಇಲ್ಲದ ಭಾಷೆ ಎಂದು ತುಳುವರು ನೂರಾರು ಸಲ ಕೇಳಿಸಿಕೊಂಡಿದ್ದಾರೆ. ಲಿಪಿ ಕಲಿತ ಮಕ್ಕಳಿಗೆ ತಮ್ಮ ಭಾಷೆಯ ಮೇಲೆ ಹೆಮ್ಮೆ ಹುಟ್ಟುತ್ತದೆ. ಊರಿನ ಫಲಕದಲ್ಲಿ, ಬಸ್ಸಿನ ಮೇಲೆ ಅದು ಕಂಡರೆ ಭಾಷೆ ಇದೆ ಎಂದು ಹೊರಗಿನವರಿಗೂ ಗೊತ್ತಾಗುತ್ತದೆ. ಈ ಹೆಮ್ಮೆಯನ್ನು ಹಗುರವಾಗಿ ಕಾಣಬಾರದು.

ಹಸ್ತಪ್ರತಿ ಓದುವವರ ಕಾಳಜಿ ಬೇರೆ. ಅವರಿಗೆ ಬೇಕಾದದ್ದು ಓಲೆಯಲ್ಲಿ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಬರುವುದು. ಹೊಸದಾಗಿ ಸರಳ ಮಾಡಿದ ಅಕ್ಷರ, ಹೊಸದಾಗಿ ಸೇರಿಸಿದ ಚಿಹ್ನೆ ಅವರಿಗೆ ಬೇಡ. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ ಇವತ್ತಿನ ತುಳು ಬರೆಯುವುದಕ್ಕೆ ಹೊಂದಿಸಿದ ವರ್ಣಮಾಲೆಯನ್ನು ಮುಂದಿಟ್ಟಿದೆ. ಓಲೆಯ ಲಿಪಿ ಮತ್ತು ಇವತ್ತಿನ ಲಿಪಿ ಒಂದೇ ಪಟ್ಟಿಯಲ್ಲಿ ಇರಬೇಕೇ, ಬೇರೆ ಬೇರೆಯೇ ಎಂಬ ಚರ್ಚೆ ಇದರಿಂದಲೇ ಹುಟ್ಟಿದ್ದು.

ಇದು ಸುಮ್ನೆ ಹೆಸರಿನ ಜಗಳ ಅಲ್ಲ. ಸಂಸ್ಕೃತದಲ್ಲಿ ಎ-ಏ ಎಂದು ಎರಡಿಲ್ಲ, ಒ-ಓ ಎಂದು ಎರಡಿಲ್ಲ. ಸಂಸ್ಕೃತಕ್ಕೆ ಬಳಕೆಯಾದ ಲಿಪಿಯಲ್ಲಿ ಆ ಭೇದ ತೋರಿಸುವ ಅಗತ್ಯವೇ ಇರಲಿಲ್ಲ. ಯುನಿಕೋಡ್ ಕೊಟ್ಟ ಪಟ್ಟಿಯಲ್ಲೂ ಏ ಒಂದು, ಓ ಒಂದು. ಆದರೆ ತುಳುವಿಗೆ ಹ್ರಸ್ವವೂ ಬೇಕು, ದೀರ್ಘವೂ ಬೇಕು. ಇಷ್ಟೇ ಅಲ್ಲ, ತುಳುವಿನಲ್ಲಿ ಎಕಾರವೇ ಎರಡು ಬಗೆ. ‘ಯಾನ್ ಬತ್ತೆ’ ಅಂದರೆ ನಾನು ಬಂದೆ. ‘ಆಯೆ ಬತ್ತೆ’ ಅಂದರೆ ಅವನು ಬಂದ. ಬಾಯಲ್ಲಿ ಮೊದಲನೆಯದರ ಕೊನೆಯ ಸ್ವರ ಅಗಲ, ಎರಡನೆಯದರದ್ದು ಕಿರಿದು. ತುಳುವರ ಕಿವಿಗೆ ವ್ಯತ್ಯಾಸ ಸ್ಪಷ್ಟ. ಕಾಗದದ ಮೇಲೆ ಕನ್ನಡ ಲಿಪಿಯಲ್ಲಿ ಎರಡೂ ‘ಬತ್ತೆ’. ಹಳೆಯ ತುಳು ಲಿಪಿಗೂ ಇದನ್ನು ತೋರಿಸುವ ಸೌಕರ್ಯ ಇಲ್ಲ.

ಮೂರನೆಯ ಗುಂಪಿನವರು ಕನ್ನಡ ಲಿಪಿಯೇ ಸಾಕು ಎನ್ನುವವರು. 180 ವರ್ಷಗಳ ತುಳು ಅಚ್ಚು ಅದರಲ್ಲಿದೆ. ಓದುವವರು ಅದರಲ್ಲಿದ್ದಾರೆ. ಹೊಸ ಲಿಪಿಗೆ ಹಾರಿದರೆ ಇವತ್ತಿನ ಓದುಗರೇ ಅನಕ್ಷರಸ್ಥರಾಗುತ್ತಾರೆ ಎಂಬುದು ಅವರ ಭಯ.

ಮೂರೂ ವಾದಗಳು ತಮ್ಮ ತಮ್ಮ ಜಾಗದಲ್ಲಿ ಸರಿ. ಒಂದು ತಾಂತ್ರಿಕ ಸಂಗತಿ ಗೊತ್ತಾದರೆ ಬಿಸಿ ಸ್ವಲ್ಪ ಆರಬಹುದು. ಕನ್ನಡ ಮತ್ತು ತುಳು-ತಿಗಳಾರಿ ಎರಡೂ ಬ್ರಾಹ್ಮಿಯ ಮಕ್ಕಳು. ಕ, ಖ, ಗ ಎಂಬ ಕ್ರಮ ಎರಡಕ್ಕೂ ಒಂದೇ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಒಂದು ಪುಸ್ತಕವನ್ನು ಒಂದು ಲಿಪಿಯಿಂದ ಇನ್ನೊಂದಕ್ಕೆ ಕಂಪ್ಯೂಟರ್ ಬೇಗ ಬದಲಿಸಬಲ್ಲದು. ಎ-ಏ ತರಹದ ಕೆಲವು ಕಡೆ ಮನುಷ್ಯರ ಕಣ್ಣು ಬೇಕಾಗುತ್ತದೆ, ಅಷ್ಟೆ. ಲಿಪಿಯನ್ನು ಹತ್ತು ವರ್ಷ ಬಿಟ್ಟು ತೀರ್ಮಾನಿಸಿದರೂ ನಡೆಯುತ್ತದೆ. ಯಾವ ಲಿಪಿಯಲ್ಲೂ ದಾಖಲಾಗದ ಮಾತನ್ನು ಹತ್ತು ವರ್ಷ ಬಿಟ್ಟು ಎಲ್ಲಿಂದ ತರುವುದು?

ಪಕ್ಕದ ಮನೆಯ ಕೊಂಕಣಿ

ಲಿಪಿಯ ತೀರ್ಮಾನ ಓದುಗರನ್ನು ಹೇಗೆ ಹಂಚಿಬಿಡುತ್ತದೆ ಎಂದು ನೋಡುವುದಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನ ಕೊಂಕಣಿಗರು ತಲೆಮಾರುಗಳಿಂದ ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ. ಗೋವಾದಲ್ಲಿ ರೋಮನ್ ಮತ್ತು ದೇವನಾಗರಿ, ಕೇರಳದ ಕೆಲವರು ಮಲಯಾಳ ಲಿಪಿ. 1992ರಲ್ಲಿ ಕೊಂಕಣಿ ಎಂಟನೇ ಪರಿಚ್ಛೇದಕ್ಕೆ ಸೇರಿತು, ಆದರೆ ಸರಕಾರಿ ಮನ್ನಣೆ ಮುಖ್ಯವಾಗಿ ಸಿಕ್ಕಿದ್ದು ದೇವನಾಗರಿಗೆ. ಗೂಗಲ್ ಅನುವಾದದ ಕೊಂಕಣಿಯೂ ದೇವನಾಗರಿಯದೇ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕಥೆ, ಕಾದಂಬರಿ, ವಾರಪತ್ರಿಕೆಗಳ ಅಷ್ಟು ದೊಡ್ಡ ರಾಶಿ ಆ ಲೆಕ್ಕದಲ್ಲಿ ಹಿಂದೆ ಬಿದ್ದಿತು.

ಓಲೆಯಲ್ಲಿ ಇಲ್ಲದ ತಿಳಿವಳಿಕೆ

ಈಗ ಮುಖ್ಯ ಮಾತು. ಓಲೆಗರಿಗಳನ್ನೆಲ್ಲ ಫೋಟೊ ತೆಗೆದು, ಓದಿ, ಟೈಪ್ ಮಾಡಿ ಮುಗಿಸಿದೆವು ಎಂದೇ ಇಟ್ಟುಕೊಳ್ಳೋಣ. ಆಗಲೂ ತುಳುನಾಡಿನ ತಿಳಿವಳಿಕೆಯ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಯಾಕೆಂದರೆ ಅದು ಓಲೆಗೆ ಹೋಗಲೇ ಇಲ್ಲ.

ಓಲೆ ಮತ್ತು ಅದರ ಮೇಲೆ ಬರೆಯುವ ಕಂಟ ಇದ್ದದ್ದು ಓದುಬರಹದ ಹಕ್ಕು ಇದ್ದ ಕೆಲವೇ ಮನೆಗಳಲ್ಲಿ. ಪಾಡ್ದನ ಎಂಬ ಕಥೆ ಹಾಡುಗಳು ಇದ್ದದ್ದು ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವರ ಬಾಯಲ್ಲಿ. ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಹೆಂಗಸರ ಬಾಯಲ್ಲಿ. ಯಾವ ಗದ್ದೆಗೆ ಯಾವ ಭತ್ತ, ಯಾವ ಗಾಳಿಗೆ ಕಡಲು ಹೇಗೆ, ಯಾವ ಬೇರು ಯಾವ ನೋವಿಗೆ ಎಂಬುದೆಲ್ಲ ಕೆಲಸದ ಜೊತೆಗೇ ಕೈಯಿಂದ ಕೈಗೆ ದಾಟಿದ್ದು. ಬರೀ ಹಸ್ತಪ್ರತಿಗಳಿಗೆ ಹಣ ಹಾಕಿದರೆ ಮಠ ಮತ್ತು ಅಟ್ಟದ ತಿಳಿವಳಿಕೆ ಉಳಿಯುತ್ತದೆ, ಗದ್ದೆ ಮತ್ತು ಕಡಲ ತೀರದ್ದು ಹೋಗುತ್ತದೆ. ಇದು ಯಾರೂ ಬೇಕೆಂದೇ ಮಾಡುವ ಅನ್ಯಾಯ ಅಲ್ಲದಿರಬಹುದು. ಆದರೂ ಅನ್ಯಾಯವೇ.

ಬಾಯಿಮಾತಿನ ತಿಳಿವಳಿಕೆ ಎಷ್ಟು ನಾಜೂಕು ಎಂಬುದಕ್ಕೆ ತುಳುವರು ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಪಾಲೆ ಕಷಾಯ ಒಳ್ಳೆಯ ಉದಾಹರಣೆ. ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಕಷಾಯ ಮಾಡಿ ಬರೀ ಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಮೈ ತಂಪಾಗಲು ಮೆಂತೆ ಗಂಜಿ. ಇಷ್ಟು ಯಾವ ವಿಡಿಯೊದಲ್ಲೂ ಸಿಗುತ್ತದೆ. ಆದರೆ ಇಡೀ ವಿಧಾನದ ಜೀವ ಇರುವುದು ಒಂದೇ ಕಡೆ: ಕತ್ತಲೆಯಲ್ಲಿ ಸರಿಯಾದ ಮರ ಹಿಡಿಯುವುದರಲ್ಲಿ. ಹಿಂದಿನ ದಿನವೇ ಹಗಲಲ್ಲಿ ಹೋಗಿ ಮರ ಗುರುತು ಮಾಡಿ ಬರುವ ಪದ್ಧತಿ ಇರುವುದು ಇದಕ್ಕೇ. ತಪ್ಪಿ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷ ಇದೆ. ಕಾಸರಕವೂ ಇದೇ ಕರಾವಳಿಯ ಮರ, ತುಳುವರು ಅದಕ್ಕೆ ಕಾಯೆರ್ ಎನ್ನುತ್ತಾರೆ.

ಮರದ ಹೆಸರನ್ನೇ ನೋಡಿ. ತುಳುವಿನಲ್ಲಿ ಪಾಲೆ. ಕನ್ನಡದಲ್ಲಿ ಹಾಲೆ, ಹಾಳೆ ಮರ, ಮದ್ದಾಲೆ. ಸಂಸ್ಕೃತದಲ್ಲಿ ಸಪ್ತಪರ್ಣ. ಅದೇ ತುಳುವಿನಲ್ಲಿ ‘ಪಾಳೆ’ ಅಂದರೆ ಅಡಿಕೆಯ ಹಾಳೆ. ಕನ್ನಡದಲ್ಲಿ ‘ಹಾಳೆ’ ಅಂದರೆ ಕಾಗದವೂ ಹೌದು. ಊರಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಮರ ಕಾಣದವರಿಗೆ, ಪದ ಮಾತ್ರ ಸಿಕ್ಕಿದವರಿಗೆ ಇದು ಬಲೆ. ಮನುಷ್ಯರಿಗೇ ಹೀಗಾದರೆ ಯಂತ್ರದ ಪಾಡು ಏನು?

ಯಂತ್ರ ಕಲಿತ ತುಳು

ಅನುವಾದ ಮಾಡುವ ಯಂತ್ರ ವ್ಯಾಕರಣ ಓದಿ ಭಾಷೆ ಕಲಿಯುವುದಿಲ್ಲ. ಕಲಿಯುವುದು ಬರಹದ ರಾಶಿಯಿಂದ. 2024ರ 110 ಭಾಷೆಗಳನ್ನು ಸೇರಿಸಲು ಪಾಮ್ 2 ಎಂಬ ದೊಡ್ಡ ಭಾಷಾ ಮಾದರಿಯ ನೆರವು ಪಡೆದಿದ್ದಾಗಿ ಗೂಗಲ್ ಹೇಳಿದೆ. ಹತ್ತಿರದ ಸಂಬಂಧ ಇರುವ ಭಾಷೆಗಳಿಂದ ಕಲಿತದ್ದನ್ನು ಹೊಸ ಭಾಷೆಗೂ ಬಳಸುವುದು ಇಂಥ ಮಾದರಿಗಳ ಬಲ. ಬರಹ ಕಡಿಮೆ ಇರುವ ಭಾಷೆಗೆ ಇದು ವರವೇ. ಇದಿಲ್ಲದಿದ್ದರೆ ತುಳುವಿನ ಸರದಿ ಬರುತ್ತಲೇ ಇರಲಿಲ್ಲ.

ಆದರೆ ಇದರದೇ ಒಂದು ಬೆಲೆ ಇದೆ. ಅಂತರ್ಜಾಲದಲ್ಲಿ ತುಳು ಬರಹ ಕಡಿಮೆ. ಇರುವುದರಲ್ಲೂ ಮಂಗಳೂರು, ಉಡುಪಿಯ ಸುತ್ತಿನ ಇವತ್ತಿನ ತುಳುವೇ ಜಾಸ್ತಿ. ಮನ್ಸ ಸಮುದಾಯದ ತುಳು, ಕೊರಗರ ಮಾತು, ಕಾಸರಗೋಡು ಕಡೆಯ ತುಳು, ಪಾಡ್ದನದ ಹಳೆಯ ಪದಗಳು ಅಲ್ಲಿಲ್ಲ. ಬರಹ ಇಲ್ಲದ ಕಡೆ ಯಂತ್ರ ಸುಮ್ಮನೆ ಕೂರುವುದಿಲ್ಲ, ಅಂದಾಜು ಮಾಡುತ್ತದೆ. ಆ ಅಂದಾಜು ಕನ್ನಡದ ಕಡೆ ವಾಲುವ ಸಾಧ್ಯತೆ ಇದೆ. ಆ ತಪ್ಪು ತುಳುವನ್ನು ಯಾರೋ ನಕಲು ಮಾಡಿ ಇನ್ನೊಂದು ಕಡೆ ಹಾಕುತ್ತಾರೆ. ಮುಂದಿನ ಯಂತ್ರ ಅದನ್ನೇ ನಿಜವಾದ ತುಳು ಎಂದು ಕಲಿಯುತ್ತದೆ. ಸಾವಿರಾರು ಒಳ್ಳೆಯ ಪುಟಗಳಿರುವ ಭಾಷೆಗೆ ಇದು ಸಣ್ಣ ಕಲೆ. ಪುಟಗಳೇ ಕಡಿಮೆ ಇರುವ ಭಾಷೆಗೆ ಇದು ಬಣ್ಣವನ್ನೇ ಬದಲಿಸಬಲ್ಲದು.

ಇದಕ್ಕೆ ಮದ್ದು ಇಲ್ಲಿಯೇ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು 1988ರಿಂದ 1997ರ ನಡುವೆ ಪ್ರಕಟಿಸಿತು. ಪ್ರಧಾನ ಸಂಪಾದಕರು ಯು. ಪಿ. ಉಪಾಧ್ಯಾಯರು. ಊರೂರಿನ, ಬೇರೆ ಬೇರೆ ಸಮುದಾಯಗಳ ಉಚ್ಚಾರಣೆ ಮತ್ತು ಅರ್ಥ, ಗಾದೆ, ಪಾಡ್ದನದ ಬಳಕೆ ಎಲ್ಲ ಅದರಲ್ಲಿದೆ. ಸಂಶೋಧಕರು ಹಳ್ಳಿಹಳ್ಳಿಗೆ ಹೋಗಿ, ಮಾತಾಡುವವರ ಮುಂದೆ ಕೂತು ಕೇಳಿ ಬರೆದುಕೊಂಡ ಕೆಲಸ ಅದು. ಯಂತ್ರಕ್ಕೆ ತುಳು ಕಲಿಸಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇನ್ನೊಂದಿಲ್ಲ.

ಹಾಡುಗಳ ವಿಷಯದಲ್ಲೂ ಹೀಗೇ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಇಲ್ಲಿನ ವಿದ್ವಾಂಸರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಪುಸ್ತಕವಾಯಿತು. 15,683 ಸಾಲು, ಒಬ್ಬರೇ ಹಾಡಿದ್ದು. ಆದರೆ ಅದು ಅಚ್ಚಾದದ್ದು ರೋಮನ್ ಅಕ್ಷರದ ತುಳು ಮತ್ತು ಇಂಗ್ಲಿಷ್ ಅನುವಾದದಲ್ಲಿ. ಸಿರಿಜಾತ್ರೆಗೆ ಹೋಗುವ ಹೆಂಗಸರು ಅದನ್ನು ತೆರೆದು ಓದುವ ಹಾಗಿಲ್ಲ.

ಬರೆದಿಟ್ಟರೆ ಲಾಭ ಯಾರಿಗೆ?

ಹಾಗಾದರೆ ಎಲ್ಲವನ್ನೂ ಬೇಗ ಬೇಗ ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕಿಬಿಟ್ಟರೆ ಆಯಿತಲ್ಲ ಎನಿಸಬಹುದು. ಮದ್ದಿನ ವಿಷಯ ಬಂದಾಗ ಅದು ಅಷ್ಟು ಸಲೀಸಲ್ಲ.

1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಸಿನದಿಂದ ಗಾಯ ಮಾಯಿಸುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ಅಡುಗೆಮನೆಯ ಅರಸಿನ! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿತು. ಅಮೆರಿಕದ ಅಂದಿನ ಕಾನೂನಿನಲ್ಲಿ ಬೇರೆ ದೇಶದ ಬಾಯಿಮಾತಿನ ಬಳಕೆ ಸಾಕ್ಷಿಯಾಗುತ್ತಿರಲಿಲ್ಲ, ಬರಹವೇ ಬೇಕಿತ್ತು. 32 ಲಿಖಿತ ಉಲ್ಲೇಖಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಗೆ ಗೊತ್ತಿತ್ತು ಎಂಬ ಮಾತು ನಡೆಯಲಿಲ್ಲ, ಪುಸ್ತಕದಲ್ಲಿ ಇತ್ತು ಎಂಬುದು ನಡೆಯಿತು. ಇದೇ ಪಾಠದಿಂದ ‘ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಲೈಬ್ರರಿ’ ಹುಟ್ಟಿತು. ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳ ಮಾಹಿತಿಯನ್ನು ಅನುವಾದಿಸಿ ಬೇರೆ ಬೇರೆ ದೇಶಗಳ ಪೇಟೆಂಟ್ ಕಚೇರಿಗಳಿಗೆ ತೋರಿಸುವ ವ್ಯವಸ್ಥೆ ಅದು.

ಆದರೆ ಅದರ ಬುಡ ಇರುವುದು ಗ್ರಂಥಗಳಲ್ಲಿ. ನಾಟಿ ವೈದ್ಯರ ಬಾಯಿಮಾತು ಅದರ ಹೊರಗೇ ಉಳಿಯಿತು. ಬರೆಯದಿದ್ದರೆ ಬೇರೆಯವರು ಅದನ್ನು ತಮ್ಮದೆಂದಾಗ ತೋರಿಸಲು ಕಾಗದ ಇಲ್ಲ. ಬರೆದು ಎಲ್ಲರಿಗೂ ತೆರೆದಿಟ್ಟರೆ ಪೇಟೆಂಟ್ ತಡೆಯಬಹುದು, ಆದರೆ ಯಾವ ಕಂಪನಿಯೂ ಕೇಳದೆ ಬಳಸಿಕೊಳ್ಳುವ ಹಾಗಾಗುತ್ತದೆ. ಮದ್ದು ಕೊಡುವ ಹಿರಿಯರು ಹೇಳಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಆಗುತ್ತದೆ, ಅಲ್ವಾ? ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ.

ಕಾನೂನು ಇದಕ್ಕೆ ಒಂದು ದಾರಿ ಮಾಡಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರಿನ ಸಸ್ಯ ಮತ್ತು ತಿಳಿವಳಿಕೆಯಿಂದ ವ್ಯಾಪಾರ ಮಾಡುವವರು ಲಾಭದ ಪಾಲು ಕೊಡಬೇಕು. 2023ರ ತಿದ್ದುಪಡಿ ಇದನ್ನು ಸ್ವಲ್ಪ ಬದಲಿಸಿತು. ಕಾನೂನು ಪಟ್ಟಿ ಮಾಡಿದ ಹಳೆಯ ವೈದ್ಯಗ್ರಂಥಗಳಿಂದ ಬಂದ ತಿಳಿವಳಿಕೆಯನ್ನು ಬಳಸಿದರೆ ಪಾಲು ಹಂಚಬೇಕಿಲ್ಲ ಎಂದಿತು. ಆಯುಷ್ ಉದ್ಯಮಕ್ಕೆ ಇದರಿಂದ ಅನುಕೂಲ ಎಂಬುದು ಒಂದು ಕಡೆಯ ಮಾತು. ಊರಿನವರ ಹಕ್ಕು ಸಡಿಲವಾಯಿತು ಎಂಬುದು ಇನ್ನೊಂದು ಕಡೆಯದು. ಪಾಲೆಯಂಥ ಮರ ಗ್ರಂಥದಲ್ಲೂ ಇದೆ, ಜನರ ಬಾಯಲ್ಲೂ ಇದೆ. ಕಂಪನಿ ಅದನ್ನು ಯಾವುದರಿಂದ ಕಲಿತದ್ದು ಎಂಬ ಪ್ರಶ್ನೆ ಬಂದರೆ ಊರಿನವರು ಏನನ್ನು ತೋರಿಸಬೇಕು?

ತೋರಿಸಲೆಂದೇ ಇರುವ ಕಡತ ಜನತಾ ಜೀವವೈವಿಧ್ಯ ದಾಖಲಾತಿ. ಪ್ರತಿ ಪಂಚಾಯತಿಯಲ್ಲಿ ಒಂದು ಜೀವವೈವಿಧ್ಯ ಸಮಿತಿ, ಅದರ ಕೈಯಲ್ಲಿ ಊರಿನ ಸಸ್ಯ ಮತ್ತು ತಿಳಿವಳಿಕೆಯನ್ನು ಬರೆದಿಡುವ ಒಂದು ದಾಖಲೆ. ವರ್ಷಗಟ್ಟಲೆ ಈ ಕೆಲಸ ಕುಂಟಿತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು. ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ದಂಡದ ಹೆದರಿಕೆಯಲ್ಲಿ ಮುಗಿಸುವ ಕೆಲಸದಲ್ಲಿ ಮರಗಳ ಪಟ್ಟಿ ತುಂಬುತ್ತದೆ. ಕತ್ತಲೆಯಲ್ಲಿ ಮರ ಗುರುತಿಸುವ ಬಗೆ, ಹೇಳಿದವರ ಹೆಸರು, ಅವರ ಒಪ್ಪಿಗೆ ತುಂಬುವುದಕ್ಕೆ ಸಮಯ ಬೇಕು.

ಲೈಬ್ರರಿ ಮಾಡಬಹುದಾದ ಕೆಲಸ

ಅಕ್ಷರದ ಸಂಖ್ಯೆ ಒಂದು ತುದಿ. ಹೇಳುವ ಬಾಯಿ ಇನ್ನೊಂದು ತುದಿ. ನಡುವಿನ ಕೆಲಸ ಮಾಡುವವರು ಯಾರು? ಓಲೆಯನ್ನು ಫೋಟೊ ತೆಗೆದರೆ ಸಿಗುವುದು ಚಿತ್ರ, ಬರಹವಲ್ಲ. ಒಂದೇ ಕಟ್ಟಿನಲ್ಲಿ ನಾಲ್ಕು ಗ್ರಂಥ ಇರಬಹುದು. ಮೊದಲ ಗರಿ ಹುಳ ತಿಂದು ಹೋಗಿರಬಹುದು. ಗ್ರಂಥದ ಹೆಸರು ಕೊನೆಯ ಗರಿಯಲ್ಲಿ ಇರಬಹುದು. ಓದಬಲ್ಲವರೊಬ್ಬರು ಕೂತು ಇದು ಇಂಥದ್ದು ಎಂದು ಬರೆಯದಿದ್ದರೆ ಸಾವಿರ ಫೋಟೊ ಇದ್ದರೂ ಹುಡುಕಿದವರಿಗೆ ಸಿಗುವುದಿಲ್ಲ. ಹಾಡಿನ ರೆಕಾರ್ಡಿಂಗಿಗೂ ಇದೇ ಮಾತು.

ಈ ನಡುವಿನ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ ಸಾರ್ವಜನಿಕ ಗ್ರಂಥಾಲಯ. ಕರ್ನಾಟಕದಲ್ಲಿ 1965ರಿಂದ ಇದಕ್ಕೊಂದು ಕಾಯ್ದೆ ಇದೆ. ನಾವು ಕಟ್ಟುವ ಮನೆ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿಯೇ ಇರುತ್ತದೆ. ರಶೀದಿ ತೆಗೆದು ನೋಡಿದರೆ ಕಾಣುತ್ತದೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಎಷ್ಟೋ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿದೆ. ಜೀವವೈವಿಧ್ಯ ಸಮಿತಿ ಇರುವುದೂ ಅದೇ ಪಂಚಾಯತಿಯಲ್ಲಿ. ಹೇಳುವ ಹಿರಿಯರು ಇರುವುದೂ ಅದೇ ಊರಿನಲ್ಲಿ. ಮೂರನ್ನೂ ಸೇರಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ. ಅರಿವು ಕೇಂದ್ರದ ಕೆಲಸದಲ್ಲಿ ದಾಖಲಿಸುವುದೂ ಸೇರಿದೆ ಎಂದು ಇಲಾಖೆ ಹೇಳಬೇಕು. ಅಲ್ಲಿ ಕೂರುವ ಮೇಲ್ವಿಚಾರಕರಿಗೆ ತರಬೇತಿಯೂ ಅದಕ್ಕೆ ತಕ್ಕ ಸಂಬಳವೂ ಸಿಗಬೇಕು.

ದಾಖಲಿಸಿದ್ದೆಲ್ಲ ಎಲ್ಲರಿಗೂ ತೆರೆದಿರಬೇಕು ಎಂದೇನಿಲ್ಲ. ಗಾದೆ, ಕತೆ, ನೇಜಿ ಹಾಡು ತೆರೆದಿರಲಿ. ಮದ್ದಿನ ವಿವರ ಪಂಚಾಯತಿಯ ದಾಖಲೆಯಲ್ಲಿ ಉಳಿದು, ಹೇಳಿದವರ ಒಪ್ಪಿಗೆ ಇದ್ದಷ್ಟೇ ಹೊರಗೆ ಬರಲಿ. ದೈವದ ಪಾಡ್ದನಗಳಲ್ಲಿ ಎಲ್ಲೆಂದರಲ್ಲಿ ಹಾಡಬಾರದಂಥವು ಇವೆ. ಅದನ್ನು ತೀರ್ಮಾನಿಸುವವರು ದೈವ ಕಟ್ಟುವ ಕುಟುಂಬದವರೇ ಆಗಲಿ.

ಲಿಪಿಯ ಪ್ರಶ್ನೆಗೂ ಉತ್ತರ ಇದೇ ಕಪಾಟಿನಲ್ಲಿ ಸಿಗಬಹುದು. ಎ ಮತ್ತು ಒ ಹ್ರಸ್ವಗಳಿಗೆ, ಆ ಅಗಲದ ಎಕಾರಕ್ಕೆ ಬೇರೆ ಅಕ್ಷರ ಬೇಕು ಎಂದು ಯುನಿಕೋಡ್ ಮುಂದೆ ಹೋದರೆ ಅವರು ಮೊದಲು ಕೇಳುವುದು ಬಳಕೆಯ ಸಾಕ್ಷಿ. ಆ ಅಕ್ಷರ ಹಾಕಿ ಬರೆದ ಪುಟ ತೋರಿಸಿ, ಜನ ಅದನ್ನು ನಿಜವಾಗಿ ಬಳಸಿದ್ದಾರೆ ಎಂದು ತೋರಿಸಿ ಎನ್ನುತ್ತಾರೆ. ಹಾಗಾಗಿ ತುಳು ಲಿಪಿಯಲ್ಲಿ ಇವತ್ತು ಬರುವ ಒಂದೊಂದು ಮಕ್ಕಳ ಪುಸ್ತಕ, ಪತ್ರಿಕೆ, ಕೈಬರಹದ ಪ್ರತಿಯ ಮೇಲೆ ತಾರೀಕು ಬರೆದು, ಊರಿನ ಲೈಬ್ರರಿಯ ದಾಖಲೆ ಪುಸ್ತಕದಲ್ಲಿ ಅದನ್ನು ಈಗಿಂದಲೇ ಸೇರಿಸಿಕೊಳ್ಳಬೇಕು.